ವಾರ್ಡಿನಲ್ಲಿ ದೇವರ ಮಾತು ಯಾರು ಎತ್ತಬೇಕು?

ರಾತ್ರಿಪಾಳಿ

ನಾನು ಕ್ಯಾನ್ಸರ್ ಆಸ್ಪತ್ರೆಯೊಂದರ ಪ್ಯಾಲಿಯೇಟಿವ್ ವಾರ್ಡಿನಲ್ಲಿ, ಅಂದರೆ ಕಾಯಿಲೆ ವಾಸಿಯಾಗದವರ ನೋವು ಕಡಿಮೆ ಮಾಡುವ ವಾರ್ಡಿನಲ್ಲಿ, ಸ್ಟಾಫ್ ನರ್ಸ್. ನಮ್ಮ ಅಡ್ಮಿಷನ್ ಫಾರ್ಮಿನಲ್ಲಿ "ಧರ್ಮ" ಅಂತ ಒಂದು ಕಾಲಂ ಇದೆ. ಕೌಂಟರಿನಲ್ಲಿ ಯಾರೋ ಒಂದು ಪದ ತುಂಬುತ್ತಾರೆ. ಆಮೇಲೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನೋಡಿದರೂ ರೋಗಿ ತೀರಿಕೊಂಡ ಮೇಲೆ, ದೇಹ ಒಪ್ಪಿಸುವ ಹೊತ್ತಿಗೆ.

ಈಗ ಫಾರ್ಮ್ ಬದಲಿಸುವ ಸಮಿತಿಗೆ ನನ್ನನ್ನೂ ಹಾಕಿದ್ದಾರೆ. "ಕಷ್ಟದ ಹೊತ್ತಿನಲ್ಲಿ ನಿಮಗೆ ಆಸರೆ ಯಾವುದು? ದೇವರಾ, ಮನುಷ್ಯರಾ, ಬೇರೆ ಏನಾದರೂ?" ಎಂಬಂಥ ಪ್ರಶ್ನೆಯನ್ನು ವಾರ್ಡಿಗೆ ಬಂದ ಮೇಲೆ ನಿಧಾನವಾಗಿ ಕೇಳೋಣ ಎಂದೆ. ಸಭೆ ಎರಡು ಹೋಳಾಯಿತು. ಒಬ್ಬ ಹಿರಿಯ ವೈದ್ಯರು "ಅದು ನಮ್ಮ ಕೆಲಸವಲ್ಲ" ಎಂದು ಮಾತು ಮುಗಿಸಿದರು. ರೋಗಿ ಕೇಳಲಿ ಬಿಡಲಿ, ಕೈ ಹಿಡಿದು ಪ್ರಾರ್ಥನೆ ಶುರುಮಾಡಿಬಿಡುವ ಸಹೋದ್ಯೋಗಿಗಳೂ ಇದ್ದಾರೆ. ಅವರಿಗೆ ಇದು ಪರವಾನಗಿ ಸಿಕ್ಕ ಹಾಗೆ ಕಂಡಿತು. ನನಗೆ ಎರಡೂ ಒಪ್ಪಿಗೆಯಿಲ್ಲ.

ನಡುರಾತ್ರಿ "ಸಿಸ್ಟರ್, ನಾನು ಅಂಥ ಪಾಪ ಏನು ಮಾಡಿದ್ದೆ?" ಅಂತ ಕೇಳುತ್ತಾರೆ. ಆಗ ಅಲ್ಲಿ ಇರುವುದು ನಾನು, ಡ್ರಿಪ್ ಸ್ಟ್ಯಾಂಡು, ಪಕ್ಕದ ಬೆಡ್ಡಿನ ಗೊರಕೆ. ಈ ಮಾತು ಯಾರ ಡ್ಯೂಟಿಗೆ ಸೇರಿದ್ದು? ನೀವು ರೋಗಿಯಾಗಿದ್ದಾಗ ಅಥವಾ ರೋಗಿಯ ಕಡೆಯವರಾಗಿದ್ದಾಗ ಇಂಥದ್ದನ್ನು ಯಾರಾದರೂ ಕೇಳಿದ್ದರಾ? ಕೇಳಬೇಕಿತ್ತು ಅನ್ನಿಸಿತ್ತಾ?

ಹಳೇ ಸ್ಟೆತಾಸ್ಕೋಪು

ಸಿಸ್ಟರ್, ನಿಮ್ಮ ಸಭೆಯಲ್ಲಿ ನಾನು ಇರಲಿಲ್ಲ, ಇದ್ದಿದ್ದರೆ ನಾನೂ ಆ ಹಿರಿಯ ವೈದ್ಯರ ಮಾತನ್ನೇ ಹೇಳುತ್ತಿದ್ದೆ. ನಿವೃತ್ತ ಹೃದ್ರೋಗ ವೈದ್ಯ ನಾನು.

2006ರಲ್ಲಿ ಅಮೆರಿಕದಲ್ಲಿ ದೊಡ್ಡದೊಂದು ಅಧ್ಯಯನ ಪ್ರಕಟವಾಯಿತು. ಆರು ಆಸ್ಪತ್ರೆಗಳು, ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 1,802 ರೋಗಿಗಳು. ಒಂದು ಗುಂಪಿನವರಿಗಾಗಿ ದೂರದಲ್ಲಿದ್ದವರು ಪ್ರಾರ್ಥಿಸಿದರು, ಇನ್ನೊಂದು ಗುಂಪಿಗೆ ಪ್ರಾರ್ಥನೆ ಇಲ್ಲ. ತಾವು ಯಾವ ಗುಂಪು ಅಂತ ಈ ಎರಡೂ ಕಡೆಯವರಿಗೆ ಗೊತ್ತಿಲ್ಲ. ತೊಡಕು ಕಾಣಿಸಿಕೊಂಡವರು ಶೇ. 52 ಮತ್ತು ಶೇ. 51. ಅಂದರೆ ವ್ಯತ್ಯಾಸವೇ ಇಲ್ಲ. ಮೂರನೇ ಗುಂಪಿಗೆ "ನಿಮಗಾಗಿ ಖಂಡಿತ ಪ್ರಾರ್ಥಿಸುತ್ತೇವೆ" ಎಂದು ಮೊದಲೇ ಹೇಳಿದ್ದರು. ಅಲ್ಲಿ ಶೇ. 59! "ಪ್ರಾರ್ಥನೆ ಬೇಕಾಗುವಷ್ಟು ನನ್ನ ಸ್ಥಿತಿ ಕೆಟ್ಟಿದೆಯಾ" ಅಂತ ಗಾಬರಿಯಾದರೋ ಏನೋ.

ದೇವರನ್ನು ದೇವರ ಮನೆಯಲ್ಲಿ ಬಿಡಿ. ಎದೆನೋವು ಅಂತ ಬಂದವನಿಗೆ ಇಸಿಜಿ ತೆಗೆಯಿರಿ.

ರಾತ್ರಿಪಾಳಿ

ಸರ್, ಆ ಅಧ್ಯಯನ ಕೇಳಿದ ಪ್ರಶ್ನೆ ಪ್ರಾರ್ಥನೆಯಿಂದ ಕಾಯಿಲೆ ವಾಸಿಯಾಗುತ್ತದಾ ಅಂತ. ನನ್ನ ವಾರ್ಡಿಗೆ ಬರುವವರ ಕಾಯಿಲೆ ವಾಸಿಯಾಗುವುದಿಲ್ಲ ಅಂತ ನಮಗೂ ಗೊತ್ತು, ಬಹುಪಾಲು ಅವರಿಗೂ ಗೊತ್ತು. ನನ್ನ ತಕರಾರು ನೋವಿನದ್ದು.

ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೇ ದಿನಗಳ ಆರೈಕೆಯ ಮನೆ) ತೆರೆದರಲ್ಲ, ಆಕೆ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್. ನೋವು ಅಂದರೆ ಬರೀ ಮೈಯದ್ದಲ್ಲ, ಮನಸ್ಸಿನದ್ದು, ಸಂಸಾರದ್ದು, ನಂಬಿಕೆಯದ್ದು ಎಲ್ಲ ಸೇರಿ ಒಂದೇ ನೋವಾಗಿರುತ್ತದೆ ಅಂತ ಆಕೆ ಹೇಳಿದ್ದು ಪುಸ್ತಕದ ಮಾತಲ್ಲ. ಮಾರ್ಫಿನ್ ಏರಿಸುತ್ತಲೇ ಹೋಗುತ್ತೇವೆ, ನೋವಿನ ಸ್ಕೋರು ಇಳಿಯುವುದಿಲ್ಲ. ಕೂತು ಮಾತಾಡಿಸಿದರೆ ಏನೋ ಹಳೆಯದು ಹೊರಬರುತ್ತದೆ. ಮಾರನೇ ದಿನ ಅದೇ ಡೋಸು ಸಾಕಾಗುತ್ತದೆ. ಎಲ್ಲರಿಗೂ ಹೀಗಾಗುತ್ತದೆ ಅನ್ನುವುದಿಲ್ಲ. ಆದರೆ ಪ್ಯಾಲಿಯೇಟಿವ್ ವಾರ್ಡಿನಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ.

ಬಿಸಿಲುಕುದುರೆ

ನನಗೆ ಹೇಳುವುದಿದೆ, ಸ್ವಲ್ಪ ಉದ್ದ. ಸಹಿಸಿಕೊಳ್ಳಿ.

ನಮ್ಮಪ್ಪ ನಾಸ್ತಿಕ. ವಾದ ಮಾಡಿ ಗೆಲ್ಲಬೇಕೆನ್ನುವ ನಾಸ್ತಿಕ ಅಲ್ಲ, ಸುಮ್ಮನೆ ನಂಬದೆ ಬದುಕಿದವರು. ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದಾಗ ಅವರ ಹಾಸಿಗೆಯ ಸುತ್ತ ಎಲ್ಲರಿಗೂ ದೇವರು ನೆನಪಾದ. ನೋಡಲು ಬಂದವರು, ಪಕ್ಕದ ಬೆಡ್ಡಿನವರ ನೆಂಟರು, ಡ್ಯೂಟಿ ಮೇಲಿದ್ದ ಒಬ್ಬರು ನರ್ಸ್ ಕೂಡ. "ಈಗಲಾದರೂ ಒಂದು ಸಲ ನೆನೆಸಿಕೊಳ್ಳಿ ಯಜಮಾನ್ರೇ." ಆಕ್ಸಿಜನ್ ಮಾಸ್ಕ್ ಹಾಕಿದ ಮನುಷ್ಯ ಏನು ತಾನೇ ಹೇಳಿಯಾನು? ಅಪ್ಪ ಕಣ್ಣು ಮುಚ್ಚಿಕೊಂಡರು. ಸುತ್ತ ಇದ್ದವರು ಅದನ್ನೇ ಪ್ರಾರ್ಥನೆ ಅಂದುಕೊಂಡು ಖುಷಿಪಟ್ಟರು. ಆ ನರ್ಸ್ ಕೆಟ್ಟವರಲ್ಲ, ಅಪ್ಪನ ಬೆನ್ನು ಒರೆಸುವುದರಲ್ಲಿ ನಮಗಿಂತ ಅವರ ಕೈಯೇ ಮೃದು. ಅದಕ್ಕೇ ನಮಗೆ ಎದುರಾಡಲು ಬಾಯಿ ಬರಲಿಲ್ಲ. ನಿಮ್ಮ ಬೆನ್ನು ಒರೆಸುವವರಿಗೆ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ಮಲಗಿದವರಿಗೇ ಗೊತ್ತು.

ಹಾಗಂತ ಸ್ಟೆತಾಸ್ಕೋಪು ಸರ್ ಹೇಳುವ ಹಾಗೆ ಇಸಿಜಿ ಒಂದೇ ಸಾಕಿತ್ತೇ? ಇಲ್ಲ. ಅಪ್ಪನಿಗೆ ತಮ್ಮನ ಜೊತೆ ಬಹಳ ವರ್ಷ ಮಾತಿರಲಿಲ್ಲ. ಅದರ ಬಗ್ಗೆ ಮಕ್ಕಳಾದ ನಮ್ಮ ಹತ್ತಿರ ಬಾಯಿಬಿಡುವ ಜಾಯಮಾನ ಅವರದ್ದಲ್ಲ. ಹೊರಗಿನ ಒಬ್ಬರು ಬಂದು, ಧರ್ಮದ ಹಂಗಿಲ್ಲದೆ, "ಮನಸ್ಸಿನಲ್ಲಿ ಏನಾದರೂ ಉಳಿದಿದೆಯಾ?" ಎಂದು ಕೇಳಿದ್ದರೆ ಹೇಳುತ್ತಿದ್ದರು ಅಂತ ನನ್ನ ನಂಬಿಕೆ. ಯಾರೂ ಕೇಳಲಿಲ್ಲ. ದೇವರನ್ನು ನಂಬದವನಿಗೆ ಈ ಬಾಗಿಲೇ ಇಲ್ಲ ಅಂತ ಎಲ್ಲರೂ ಅಂದುಕೊಂಡುಬಿಟ್ಟಿರುತ್ತಾರೆ.

ನೆದರ್‌ಲೆಂಡ್ಸ್‌ನಲ್ಲಿ ಇದಕ್ಕೇ ಅಂತ ಮಾನವತಾವಾದಿ ಸಮಾಲೋಚಕರು ಇದ್ದಾರೆ. ಆಸ್ಪತ್ರೆ, ಜೈಲು, ಸೈನ್ಯ ಮೂರೂ ಕಡೆ. ಪಾದ್ರಿ, ಇಮಾಮರಿಗೆ ಇರುವ ಸ್ಥಾನವೇ ಅವರಿಗೂ. ಉಟ್ರೆಕ್ಟ್‌ನಲ್ಲಿ ಅವರನ್ನು ತಯಾರು ಮಾಡುವ ವಿಶ್ವವಿದ್ಯಾಲಯವೇ ಇದೆ.

ಖಡಕ್ ಮಾತು

ಇದೆಲ್ಲಾ ಮತಾಂತರದ ಹಿಂಬಾಗಿಲು. ಅಷ್ಟೇ.

ಕಾಯಿದೆ ಕಪಾಟು

ಖಡಕ್ ಅವರೇ, ಒಂದು ಸಾಲಿನಲ್ಲಿ ಮುಗಿಸುವ ವಿಷಯ ಅಲ್ಲ ಇದು. ಆದರೆ ನಿಮ್ಮ ಭಯವನ್ನು ತಳ್ಳಿಹಾಕುವುದೂ ಇಲ್ಲ. ಬಿಸಿಲುಕುದುರೆ ಮೇಡಂ ಹೇಳಿದ್ದು ಅದನ್ನೇ: ಹಾಸಿಗೆ ಹಿಡಿದವನು ಎದ್ದು ಹೋಗಲಾರ. ಕಾನೂನು ಇಲ್ಲಿಂದಲೇ ಶುರುವಾಗುವುದು.

ಧರ್ಮವನ್ನು ಸರ್ಕಾರದಿಂದ ಬೇರ್ಪಡಿಸಿದ್ದಕ್ಕೆ ಫ್ರಾನ್ಸಿನ 1905ರ ಕಾಯಿದೆಯನ್ನು ಎಲ್ಲರೂ ಉದಾಹರಿಸುತ್ತಾರೆ. ಅದರ ಎರಡನೇ ವಿಧಿಯನ್ನು ಪೂರ್ತಿ ಓದುವವರು ಕಡಿಮೆ. ಸರ್ಕಾರ ಯಾವ ಧರ್ಮಕ್ಕೂ ಹಣ ಕೊಡುವುದಿಲ್ಲ ಎನ್ನುವ ಅದೇ ವಿಧಿ, ಶಾಲೆ, ಆಸ್ಪತ್ರೆ, ಹುಚ್ಚಾಸ್ಪತ್ರೆ, ಜೈಲುಗಳಲ್ಲಿ ಧಾರ್ಮಿಕ ಸೇವಕರ ಖರ್ಚನ್ನು ಸರ್ಕಾರಿ ಬಜೆಟ್ಟಿನಲ್ಲಿ ಸೇರಿಸಬಹುದು ಅನ್ನುತ್ತದೆ. ಯಾಕೆ? ಒಳಗಿರುವವನು ತನ್ನ ಗುಡಿ ಚರ್ಚು ಮಸೀದಿಗೆ ತಾನೇ ಹೋಗಲಾರ. ಅವನನ್ನು ಒಳಗಿಟ್ಟುಕೊಂಡ ಸಂಸ್ಥೆ ಅವನ ನಂಬಿಕೆಯ ದಾರಿಯನ್ನೂ ಮುಚ್ಚಬಾರದು. ಸಂಸ್ಥೆ ಧಾರ್ಮಿಕವಾಗಬೇಕಿಲ್ಲ, ಬಾಗಿಲು ತೆರೆದಿಟ್ಟರೆ ಆಯಿತು.

ಇನ್ನೊಂದು ತುದಿಯ ಪ್ರಕರಣ. ಇಂಗ್ಲೆಂಡಿನಲ್ಲಿ ಮನೆಮನೆಗೆ ಹೋಗುವ ನರ್ಸ್ ಒಬ್ಬರು ವಯಸ್ಸಾದ ರೋಗಿಗೆ "ನಿಮಗಾಗಿ ಪ್ರಾರ್ಥಿಸಲೇ?" ಎಂದು ಕೇಳಿದ್ದಕ್ಕೆ 2008ರ ಕೊನೆಯಲ್ಲಿ ಅವರನ್ನು ಕೆಲಸದಿಂದ ದೂರವಿಟ್ಟರು. ದೊಡ್ಡ ಗದ್ದಲವಾಗಿ 2009ರ ಆರಂಭದಲ್ಲಿ ವಾಪಸ್ ಕರೆದರು. ಅವರು ಬಲವಂತ ಮಾಡಿರಲಿಲ್ಲ, ಕೇಳಿದ್ದಷ್ಟೇ. ಶಿಕ್ಷೆ ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಆದರೆ "ನಿಮಗೆ ಆಸರೆ ಯಾವುದು?" ಅನ್ನುವುದಕ್ಕೂ "ನಾನು ಪ್ರಾರ್ಥಿಸಲೇ?" ಅನ್ನುವುದಕ್ಕೂ ದೂರ ಬಹಳ. ಮೊದಲನೆಯದರಲ್ಲಿ ಮಾತು ರೋಗಿಯ ಕೈಯಲ್ಲಿದೆ. ಎರಡನೆಯದರಲ್ಲಿ ನರ್ಸ್ ತನ್ನ ನಂಬಿಕೆಯನ್ನು ಮುಂದಿಟ್ಟು, ಒಪ್ಪುವ ಅಥವಾ ಮನಸ್ಸು ನೋಯಿಸುವ ಕೆಲಸವನ್ನು ರೋಗಿಗೆ ವಹಿಸಿದ್ದಾರೆ.

ಖಡಕ್ ಮಾತು

ಸರಿ, ಬಾಗಿಲು ತೆರೆದಿಡಿ. ಬಾಗಿಲಲ್ಲಿ ಯಾರು ನಿಂತಿರುತ್ತಾರೆ ಅನ್ನುವುದೇ ನನ್ನ ಪ್ರಶ್ನೆ.

ಮೂರನೇ ಮಹಡಿ

ಆ ಬಾಗಿಲಲ್ಲಿ ನಿಲ್ಲುವವಳು ನಾನು, ಹಾಗಾಗಿ ನಾನೇ ಹೇಳುತ್ತೇನೆ. ಹೊರದೇಶದ ಆಸ್ಪತ್ರೆಯೊಂದರಲ್ಲಿ ಆಧ್ಯಾತ್ಮಿಕ ಆರೈಕೆ ವಿಭಾಗದಲ್ಲಿದ್ದೇನೆ. ಈ ಕೆಲಸ ಮಾಡುವವರಿಗೆ ಇಲ್ಲಿ ಚಾಪ್ಲಿನ್ ಅನ್ನುತ್ತಾರೆ.

ಈ ಕೆಲಸಕ್ಕೆ ತರಬೇತಿ ಅಂತ ಶುರುವಾದ ಬಗೆ ಕೇಳಿ. ಆಂಟನ್ ಬಾಯ್ಸನ್ ಎಂಬ ಪಾದ್ರಿ. ಅವರಿಗೇ ಮಾನಸಿಕ ಕಾಯಿಲೆ ಬಂದು ಆಸ್ಪತ್ರೆ ಸೇರಿದ್ದರು. ಗುಣವಾದ ಮೇಲೆ, 1925ರಲ್ಲಿ, ಅಮೆರಿಕದ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದು ವಾರ್ಡಿನಲ್ಲೇ ಪಾಠ ಶುರುಮಾಡಿದರು. ಗ್ರಂಥ ಓದಿದ್ದು ಸಾಕು, ಈ ಮನುಷ್ಯರನ್ನು ಓದಿ ಅಂತ. ಇವತ್ತಿಗೂ ನಮ್ಮ ತರಬೇತಿ ಹಾಗೇ ಇದೆ. ರೋಗಿಯೊಂದಿಗೆ ಆಡಿದ ಮಾತನ್ನು ನೆನಪಿನಿಂದ ಅಕ್ಷರಶಃ ಬರೆದು ತಂದು ಗುಂಪಿನ ಮುಂದೆ ಓದಬೇಕು. "ಇಲ್ಲಿ ಅವರು ಅಳುತ್ತಿದ್ದರು, ನೀನು ಯಾಕೆ ಮಾತು ಬದಲಿಸಿದೆ? ನಿನಗೆ ಭಯವಾಯಿತಾ?" ಅಂತ ಕೇಳುತ್ತಾರೆ. ಚರ್ಮ ಸುಲಿದ ಹಾಗಾಗುತ್ತದೆ. ಬೋಧಿಸುವ ಚಟ ಇದ್ದವರಿಗೆ ಅಲ್ಲೇ ಇಳಿಯುತ್ತದೆ, ಇಳಿಯದವರು ಬಿಟ್ಟು ಹೋಗುತ್ತಾರೆ.

ರಾತ್ರಿಪಾಳಿ ಸಿಸ್ಟರ್, "ಏನು ಪಾಪ ಮಾಡಿದ್ದೆ" ಅನ್ನುವ ಮಾತನ್ನು ನೀವು ಲಘುವಾಗಿ ತೆಗೆದುಕೊಂಡಿಲ್ಲ, ಅದು ಸರಿ. ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆಗೆ ಸೇರಿದ 596 ಹಿರಿಯ ರೋಗಿಗಳನ್ನು ಎರಡು ವರ್ಷ ಗಮನಿಸಿದರು. ದೇವರು ನನ್ನನ್ನು ಕೈಬಿಟ್ಟ, ಇದು ಶಿಕ್ಷೆ ಎಂದೆಲ್ಲ ಒಳಗೇ ಕಾದಾಡುತ್ತಿದ್ದವರಲ್ಲಿ, ಕಾಯಿಲೆಯ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಸಾವಿನ ಅಪಾಯ ತುಸು ಹೆಚ್ಚಿತ್ತು. ಆ ಕಾದಾಟವೇ ಕೊಲ್ಲುತ್ತದೆ ಅಂತ ಇದರರ್ಥ ಅಲ್ಲ. ಆದರೆ ನಂಬಿಕೆ ಇದ್ದವರೆಲ್ಲ ನೆಮ್ಮದಿಯಾಗಿರುತ್ತಾರೆ ಅನ್ನುವ ನಮ್ಮ ಸಲೀಸು ಲೆಕ್ಕ ಇಲ್ಲಿ ಮುರಿದುಬೀಳುತ್ತದೆ. ಕೆಲವರಿಗೆ ನಂಬಿಕೆಯೇ ಹುಣ್ಣು. ಕೇಳದೆ ಅದು ತಿಳಿಯುವುದಿಲ್ಲ.

ನಾನು ಆಗ ಏನು ಉತ್ತರ ಕೊಡುತ್ತೇನೆ ಅಂದರೆ, ಕೊಡುವುದಿಲ್ಲ. "ಪಾಪ ಅಂತ ಅನ್ನಿಸಿದ್ದು ಯಾವಾಗಿನಿಂದ?" ಅಂತ ಕೇಳುತ್ತೇನೆ. "ಹಾಗೆಲ್ಲ ಅನ್ನಬೇಡಿ, ದೇವರು ಒಳ್ಳೆಯವನು" ಎಂದರೆ ಆ ಮನುಷ್ಯ ಬಾಯಿ ಮುಚ್ಚಿಕೊಳ್ಳುತ್ತಾನೆ. ಮತ್ತೆ ತೆರೆಯುವುದಿಲ್ಲ.

ಹಳೇ ಸ್ಟೆತಾಸ್ಕೋಪು

ಮೂರನೇ ಮಹಡಿ ಅವರು ತರಬೇತಿ ಪಡೆದವರು, ಒಪ್ಪಿದೆ. ಆದರೆ ಐಸಿಯುಗೆ ಬನ್ನಿ. ವೆಂಟಿಲೇಟರ್ ಮೇಲಿರುವ ರೋಗಿ, ಅಂಗಾಂಗಗಳು ಒಂದೊಂದಾಗಿ ಕೈಕೊಟ್ಟಿವೆ. ಮನೆಯವರನ್ನು ಕೂರಿಸಿ ವಿವರಿಸಿದರೆ, "ಡಾಕ್ಟ್ರೇ, ಪವಾಡ ಆಗುತ್ತೆ, ಎಲ್ಲಾ ಮಾಡಿ." ಈಗ ನೀವು ನಂಬಿಕೆಯನ್ನು ಫಾರ್ಮಿನಲ್ಲೇ ತಂದು ಕೂರಿಸಿದರೆ ಈ ಮಾತಿಗೆ ಅಧಿಕೃತ ಮುದ್ರೆ ಬಿದ್ದ ಹಾಗಲ್ಲವೇ? ಆ ರೋಗಿಯ ಎದೆಯ ಮೂಳೆ ಮುರಿಯುವಂತೆ ಒತ್ತಬೇಕಾದವರು ನಾವು.

ಮೂರನೇ ಮಹಡಿ

ಡಾಕ್ಟ್ರೇ, ನಿಮ್ಮ ಅನುಭವಕ್ಕೆ ಪುರಾವೆಯೇ ಇದೆ. ಕೊನೇ ಹಂತದ ಕ್ಯಾನ್ಸರ್ ರೋಗಿಗಳ ಬಗ್ಗೆ ಟ್ರೇಸಿ ಬಾಲ್ಬೋನಿ ಮತ್ತು ತಂಡದವರು 2013ರಲ್ಲಿ ಬರೆದದ್ದು: ತಮ್ಮ ಧಾರ್ಮಿಕ ಸಮುದಾಯದಿಂದ ಬಲವಾದ ಬೆಂಬಲ ಇದ್ದವರು ಕೊನೆಗಾಲದಲ್ಲಿ ಐಸಿಯು, ವೆಂಟಿಲೇಟರ್ ಥರದ ಚಿಕಿತ್ಸೆಗೆ ಹೋದದ್ದು ಹೆಚ್ಚು, ಹಾಸ್ಪೈಸಿಗೆ ಬಂದದ್ದು ಕಡಿಮೆ. ಇಲ್ಲಿಯವರೆಗೆ ನೀವು ಹೇಳಿದ್ದೇ. ಆದರೆ ಅದೇ ಅಧ್ಯಯನದಲ್ಲಿ, ಚಿಕಿತ್ಸೆ ಕೊಡುವ ತಂಡವೇ ಅವರ ನಂಬಿಕೆಯನ್ನು ವಿಚಾರಿಸಿಕೊಂಡಿದ್ದ ಕಡೆ ಇದು ತಲೆಕೆಳಗಾಯಿತು. ಹಾಸ್ಪೈಸ್ ಹೆಚ್ಚು, ಐಸಿಯು ಸಾವು ಕಡಿಮೆ.

ಕಾರಣ ನನ್ನ ಊಹೆ: ಡಾಕ್ಟರ್ ದೇವರ ಸುದ್ದಿ ಎತ್ತುವುದೇ ಇಲ್ಲ ಅಂದಾಗ ಮನೆಯವರು ದೇವರನ್ನು ಡಾಕ್ಟರಿಗೆ ಎದುರಾಳಿಯಾಗಿ ನಿಲ್ಲಿಸುತ್ತಾರೆ. ಪವಾಡ ಅಂದವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. "ನಾವೂ ಒಳ್ಳೆಯದನ್ನೇ ಹಾರೈಸೋಣ. ಪವಾಡ ಅಂದರೆ ನಿಮ್ಮ ಮನಸ್ಸಿನಲ್ಲಿ ಏನಿದೆ?" ಅಂತ ಕೇಳುತ್ತೇನೆ. ಎದ್ದು ನಡೆಯಬೇಕು ಅನ್ನುವವರಿದ್ದಾರೆ. ಮಗ ಊರಿಂದ ಬರುವ ತನಕ ಉಸಿರಿರಲಿ ಅನ್ನುವವರೂ ಇದ್ದಾರೆ. ಎರಡನೆಯದಕ್ಕೆ ನಿಮ್ಮ ಕೈಲಿ ಮಾಡಲಿಕ್ಕೆ ಏನಾದರೂ ಇದೆಯಲ್ಲ. ಮೊದಲನೆಯದಕ್ಕೆ ಪವಾಡ ಆಗಲು ಮೆಷಿನ್ನೇ ಬೇಕೆಂದಿಲ್ಲ ಅನ್ನುವ ಮಾತು ಸಾಮಾನ್ಯವಾಗಿ ಮನೆಯವರ ಬಾಯಿಂದಲೇ ಬರುತ್ತದೆ. ನಾವು ಹೇಳಿದರೆ ಜಗಳ.

ಹಳೇ ಸ್ಟೆತಾಸ್ಕೋಪು

ಬಾರದೇ ಇದ್ದರೆ?

ಮೂರನೇ ಮಹಡಿ

ಬಾರದೇ ಇದ್ದದ್ದೂ ಉಂಟು. ಆಗ ನೀವು ಎದೆ ಒತ್ತುತ್ತೀರಿ, ನಾನು ಹೊರಗೆ ಅವರ ಜೊತೆ ಕೂತಿರುತ್ತೇನೆ.

ಕಾಯಿದೆ ಕಪಾಟು

ಅಡ್ಡಮಾತು, ಕ್ಷಮಿಸಿ. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ 1991ರಿಂದ ಒಂದು ಕಾನೂನಿದೆ: ರೋಗಿಯ ಧಾರ್ಮಿಕ ನಂಬಿಕೆಗೆ ವಿರುದ್ಧವಾಗಿದ್ದರೆ ಮೆದುಳು ಸತ್ತಿದೆ ಎಂಬ ಆಧಾರದ ಮೇಲೆ ಸಾವು ಘೋಷಿಸುವಂತಿಲ್ಲ, ಹೃದಯ ನಿಲ್ಲುವ ತನಕ ಕಾಯಬೇಕು. ಗಡಿ ದಾಟಿ ಪಕ್ಕದ ರಾಜ್ಯಕ್ಕೆ ಹೋದರೆ ಅದೇ ಮನುಷ್ಯ ಕಾನೂನಿನ ಪ್ರಕಾರ ಸತ್ತವನಾಗಬಹುದು. ಸ್ಟೆತಾಸ್ಕೋಪು ಸರ್ ಇದನ್ನು ಓದಿ ಬಿಪಿ ಏರಿಸಿಕೊಳ್ಳಬೇಡಿ.

ಮಾತ್ರೆ ಡಬ್ಬಿ

ಫಾರ್ಮಸಿಸ್ಟ್ ಇಲ್ಲಿ. ನೀವೆಲ್ಲ ಸಾವು, ಪವಾಡ ಅಂತ ಎತ್ತರದಲ್ಲಿದ್ದೀರಿ, ನಾನು ಕೆಳಗಿನ ವಿಷಯ ಹೇಳುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂಜೆಕ್ಷನ್ ಹೆಚ್ಚಿನದು ಹಂದಿಯ ಕರುಳಿನಿಂದ ತೆಗೆದದ್ದು. ಕ್ಯಾಪ್ಸೂಲಿನ ಹೊದಿಕೆ ಬಹಳಷ್ಟು ಸಲ ಜೆಲಾಟಿನ್, ಅಂದರೆ ದನ ಅಥವಾ ಹಂದಿಯ ಮೂಳೆ, ಚರ್ಮದ್ದು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು ರಕ್ತ ತೆಗೆದುಕೊಳ್ಳುವುದಿಲ್ಲ, ಅದು ಆಪರೇಷನ್ ಟೇಬಲ್ಲಿನ ಮೇಲೆ ಗೊತ್ತಾದರೆ ಕಥೆ ಮುಗಿಯಿತು. ರಂಜಾನ್ ಉಪವಾಸ ಮಾಡುವ ಸಕ್ಕರೆ ಕಾಯಿಲೆಯವರು ಡಾಕ್ಟರ್ ಬೈಯುತ್ತಾರೆ ಅಂತ ಹೇಳದೆ ಇನ್ಸುಲಿನ್ ತಾವೇ ಕಡಿಮೆ ಮಾಡಿಕೊಳ್ಳುತ್ತಾರೆ, ಇಲ್ಲ ಬಿಟ್ಟೇಬಿಡುತ್ತಾರೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಕೈಜೋಡಿಸಿ ತಂದಿರುವ ಮಾರ್ಗಸೂಚಿಯಲ್ಲಿ ಯಾರು ಉಪವಾಸ ಮಾಡಬಹುದು, ಯಾರು ಮಾಡಲೇಬಾರದು, ಡೋಸು ಹೇಗೆ ಬದಲಿಸಬೇಕು ಎಲ್ಲ ಇದೆ. ಅದನ್ನು ಬಳಸಬೇಕಾದರೆ ಮೊದಲು ರೋಗಿ ಬಾಯಿಬಿಡಬೇಕು. "ಧರ್ಮ: ಇಂಥದ್ದು" ಅನ್ನುವ ಕಾಲಂನಿಂದ ಇದ್ಯಾವುದೂ ಗೊತ್ತಾಗುವುದಿಲ್ಲ. ಒಂದೇ ಧರ್ಮದ ಇಬ್ಬರಲ್ಲಿ ಒಬ್ಬರು ಕ್ಯಾಪ್ಸೂಲ್ ನುಂಗುತ್ತಾರೆ, ಇನ್ನೊಬ್ಬರು ತಲೆದಿಂಬಿನ ಕೆಳಗೆ ಬಚ್ಚಿಡುತ್ತಾರೆ.

ಅರ್ಧವಿರಾಮ

ಸಾರ್ವಜನಿಕ ಆರೋಗ್ಯದ ಕಡೆಯಿಂದ ಒಂದು. 2014ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹರಡಿದಾಗ ಶವಸಂಸ್ಕಾರವೇ ಸೋಂಕಿನ ದೊಡ್ಡ ದಾರಿಯಾಗಿತ್ತು. ಹೆಣ ತೊಳೆಯುವುದು, ಮುಟ್ಟಿ ಬೀಳ್ಕೊಡುವುದು. ಸರ್ಕಾರಗಳು ಮೊದಲು ಮಾಡಿದ್ದು ಬಲವಂತ: ರಕ್ಷಾಕವಚ ತೊಟ್ಟವರು ಬಂದು ಚೀಲದಲ್ಲಿ ಹಾಕಿಕೊಂಡು ಹೋಗುವುದು. ಜನ ಕಾಯಿಲೆಯವರನ್ನೇ ಮುಚ್ಚಿಟ್ಟರು, ರಾತ್ರಿ ಗುಟ್ಟಾಗಿ ಹೂಳಿದರು. ಸೋಂಕು ಏರಿತು.

ಆ ವರ್ಷದ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ರೈಸ್ತ, ಮುಸ್ಲಿಂ ಸಂಘಟನೆಗಳ ಜೊತೆ ಕೂತು ಹೊಸ ಕ್ರಮ ತಂದಿತು. "ಸುರಕ್ಷಿತ ಮತ್ತು ಗೌರವಯುತ" ಶವಸಂಸ್ಕಾರ ಅಂತ. ನೀರಿನಿಂದ ತೊಳೆಯುವ ಬದಲು ದೇಹ ಮುಟ್ಟದೆ ಮಾಡುವ ಒಣ ಶುದ್ಧಿ, ಬಿಳಿ ಬಟ್ಟೆ, ಮನೆಯವರಿಗೆ ದೂರದಿಂದ ನೋಡಲು, ಪ್ರಾರ್ಥಿಸಲು ಅವಕಾಶ, ಸಮಾಧಿಗೆ ಗುರುತು. ವೈರಸ್ ಬದಲಾಗಲಿಲ್ಲ, ಕೇಳುವ ರೀತಿ ಬದಲಾಯಿತು. ಇದನ್ನು "ಆಧ್ಯಾತ್ಮಿಕ ಆರೈಕೆ" ಅಂತ ಕರೆಯುತ್ತೀರೋ ಸಾಂಕ್ರಾಮಿಕ ನಿಯಂತ್ರಣ ಅಂತ ಕರೆಯುತ್ತೀರೋ ನಿಮಗೆ ಬಿಟ್ಟದ್ದು.

ಖಡಕ್ ಮಾತು

ಇದು ಗೊತ್ತಿರಲಿಲ್ಲ. ಸರಿ. ಆದರೂ ಸರ್ಕಾರಿ ಆಸ್ಪತ್ರೆಯ ಗೋಡೆ ಮೇಲೆ ದೇವರ ಪಟ ಇರಬೇಕಾ ಬೇಡವಾ? ನೇರ ಉತ್ತರ ಕೊಡಿ, ಅಡ್ಡಗೋಡೆ ಮೇಲೆ ದೀಪ ಇಡಬೇಡಿ.

ಬಿಸಿಲುಕುದುರೆ

ನೇರ ಉತ್ತರ: ಬೇಡ. ಗೋಡೆ ಸಂಸ್ಥೆಯದ್ದು, ಅದು ಎಲ್ಲರದ್ದು. ಹಾಸಿಗೆ ಪಕ್ಕದ ಪುಟ್ಟ ಮೇಜು ರೋಗಿಯದ್ದು, ಅಲ್ಲಿ ಅವರಿಗೆ ಬೇಕಾದ ದೇವರು ಇರಲಿ, ಅಥವಾ ನಮ್ಮಪ್ಪನ ಹಾಗೆ ಪದಬಂಧದ ಪುಸ್ತಕ ಇರಲಿ. ಮೇಜಿನ ಮೇಲಿದ್ದದ್ದನ್ನು ಸ್ವಚ್ಛತೆ ನೆಪದಲ್ಲಿ ಎತ್ತಿ ಒಗೆಯುವುದೂ ತಪ್ಪೇ.

ಅರ್ಧವಿರಾಮ

ಡಾಕ್ಟರ ಕೋಣೆಯ ಗೋಡೆ?

ಬಿಸಿಲುಕುದುರೆ

ಅದೇ ಕಷ್ಟದ್ದು. ಅಲ್ಲಿಗೆ ರೋಗಿ ಬರುವುದು ಡಾಕ್ಟರ್ ಹೇಳಿದ್ದನ್ನು ಕೇಳಲಿಕ್ಕೆ. ಗೋಡೆಯೂ ಏನೋ ಹೇಳುತ್ತಿರುತ್ತದೆ. ನಾನಾಗಿದ್ದರೆ ಹಾಕುತ್ತಿರಲಿಲ್ಲ, ಆದರೆ ಹಾಕಿದವರನ್ನು ಕಿತ್ತುಹಾಕಿ ಅನ್ನುವಷ್ಟು ಗಟ್ಟಿ ನಿಲುವು ನನ್ನದಲ್ಲ.

ರಾತ್ರಿಪಾಳಿ

ಎಲ್ಲರಿಗೂ ಥ್ಯಾಂಕ್ಸ್. ಸಮಿತಿಗೆ ನಾನು ಬರೆದುಕೊಡುತ್ತಿರುವುದು ಇಷ್ಟು. "ಧರ್ಮ" ಕಾಲಂ ತೆಗೆಯುವುದು ಬೇಡ, ಬೇಕಾದವರು ತುಂಬಲಿ. ಅದನ್ನು ಕೌಂಟರಿನವರು ಊಹಿಸಿ ತುಂಬಬಾರದು. ವಾರ್ಡಿನಲ್ಲಿ ನೆಲೆಗೊಂಡ ಮೇಲೆ, ನೆಂಟರು ಹೊರಗಿದ್ದಾಗ, ಎರಡು ಪ್ರಶ್ನೆ: ಕಷ್ಟದಲ್ಲಿ ಆಸರೆ ಯಾವುದು, ನಮ್ಮ ಚಿಕಿತ್ಸೆಯಲ್ಲಿ ನಿಮ್ಮ ನಂಬಿಕೆಗೆ ಒಗ್ಗದ್ದು ಏನಾದರೂ ಇದೆಯಾ. "ಏನೂ ಹೇಳಲಿಕ್ಕಿಲ್ಲ" ಅನ್ನುವುದೂ ಪೂರ್ತಿ ಉತ್ತರವೇ, ಮತ್ತೆ ಕೆದಕುವಂತಿಲ್ಲ. ಸಿಬ್ಬಂದಿ ತಮ್ಮ ಕಡೆಯಿಂದ ಪ್ರಾರ್ಥನೆ ಶುರುಮಾಡುವಂತಿಲ್ಲ. ರೋಗಿಯೇ ಕೇಳಿದರೆ ಜೊತೆಗೆ ನಿಲ್ಲಬಹುದು, ಮನಸ್ಸಿಲ್ಲದವರು ನಿಲ್ಲಬೇಕಾಗಿಲ್ಲ. ಹೊರಗಿನ ಗುರುಗಳು, ಪಾದ್ರಿಗಳು, ಸ್ವಯಂಸೇವಕರು ಯಾರೇ ಆಗಲಿ, ರೋಗಿ ಹೆಸರು ಹೇಳಿ ಕರೆಸಿದರೆ ಮಾತ್ರ ಆ ಬೆಡ್ಡಿಗೆ, ವಾರ್ಡಿನ ತುಂಬ ಸುತ್ತುವಂತಿಲ್ಲ. ಖಡಕ್ ಅವರೇ, ಇದು ನಿಮಗಾಗಿ ಸೇರಿಸಿದ್ದು.

ಮೂರನೇ ಮಹಡಿ ಅವರಂಥವರನ್ನು ನೇಮಿಸಿ ಅಂತಲೂ ಕೇಳಿದ್ದೇನೆ. ಅದು ಆಗುವ ಲಕ್ಷಣ ಸದ್ಯಕ್ಕಿಲ್ಲ. ಅಲ್ಲಿಯವರೆಗೆ ನಮ್ಮ ಸಮಾಜ ಕಾರ್ಯಕರ್ತೆಗೇ ಈ ಹೊರೆ.

ಹಳೇ ಸ್ಟೆತಾಸ್ಕೋಪು

ಮಾತ್ರೆ ಡಬ್ಬಿಯವರು ಹೇಳಿದ್ದಕ್ಕೋಸ್ಕರ ಎರಡನೇ ಪ್ರಶ್ನೆ ಒಪ್ಪಿದೆ, ಅದನ್ನು ಡಾಕ್ಟರೇ ಕೇಳಲಿ. ಮೊದಲನೆಯದರ ಬಗ್ಗೆ ನನ್ನ ಅನುಮಾನ ಹೋಗಿಲ್ಲ. ಆರು ತಿಂಗಳಲ್ಲಿ ಅದು ಟಿಕ್ ಹಾಕುವ ಚೌಕವಾಗುತ್ತದೆ, ಬರೆದಿಟ್ಟುಕೊಳ್ಳಿ. ಮತ್ತೆ, ಈ ಉತ್ತರ ಕೇಸ್ ಶೀಟಿನಲ್ಲಿ ಇದ್ದರೆ ವಿಮೆಯವರು, ಬಿಲ್ಲಿಂಗಿನವರು, ರೋಗಿಯ ಭಾವಮೈದುನ, ಎಲ್ಲರೂ ಓದುತ್ತಾರೆ. ಬಿಸಿಲುಕುದುರೆಯವರ ತಂದೆ ನಾಸ್ತಿಕ ಅಂತ ಬೆಡ್ಡಿನ ತಲೆದೆಸೆಯಲ್ಲಿ ನೇತುಹಾಕುತ್ತೀರಾ?

ರಾತ್ರಿಪಾಳಿ

ಇದನ್ನು ನಾನು ಯೋಚಿಸಿರಲಿಲ್ಲ ಸರ್. ಕೌನ್ಸೆಲಿಂಗ್ ಟಿಪ್ಪಣಿಗಳನ್ನು ಬೇರೆ ಫೈಲಿನಲ್ಲಿ ಇಡುತ್ತೇವೆ, ಮೊದಲನೇ ಉತ್ತರ ಅಲ್ಲಿಗೆ ಹೋಗಲಿ. ಎರಡನೆಯದು ಅಲರ್ಜಿ ಬರೆಯುವ ಜಾಗದ ಪಕ್ಕ. ಚೌಕ ಇಡುವುದಿಲ್ಲ, ಖಾಲಿ ಗೆರೆ ಅಷ್ಟೇ. ಸೋಮವಾರ ಸಭೆ ಇದೆ, ಅಷ್ಟರೊಳಗೆ ಇನ್ನೇನಾದರೂ ತಪ್ಪು ಕಂಡರೆ ಇಲ್ಲೇ ಹೇಳಿ.